ಬೂದಿ, ಬಿಸಿಲು, ತಾರಸಿ: ಬಳ್ಳಾರಿ ಸೀಮೆಯಲ್ಲಿ ಹಸಿರು ಕಟ್ಟಡ

ಬಳ್ಳಾರಿ–ಹೊಸಪೇಟೆ ದಾರಿಯ ಕುಡತಿನಿ ಎರಡು ಬಗೆಯ ಬೂದಿಗೆ ಹೆಸರಾದ ಊರು. ಮೊದಲನೆಯದು ನವಶಿಲಾಯುಗದ ಬೂದಿದಿಬ್ಬ. ದನಗಾಹಿಗಳು ದೊಡ್ಡಿಯ ಸಗಣಿಯನ್ನು ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟದ್ದರಿಂದ ಅದು ಬೆಳೆಯಿತೆಂದು ಪುರಾತತ್ವಜ್ಞರು ಹೇಳುತ್ತಾರೆ. ಸಂಗನಕಲ್ಲು, ಕಪ್ಪಗಲ್ಲು ಸೀಮೆಯಲ್ಲೂ ಇಂಥವು ಇವೆ. ಎರಡನೆಯದು ಈ ಶತಮಾನದ ಬೂದಿ. ಕರ್ನಾಟಕ ವಿದ್ಯುತ್ ನಿಗಮದ ಬಳ್ಳಾರಿ ಶಾಖೋತ್ಪನ್ನ ಕೇಂದ್ರ, ಜನರ ಬಾಯಲ್ಲಿ ಬಿಟಿಪಿಎಸ್, 500 ಮೆಗಾವಾಟಿನ ಎರಡು ಮತ್ತು 700 ಮೆಗಾವಾಟಿನ ಒಂದು ಘಟಕದಿಂದ ಒಟ್ಟು 1,700 ಮೆಗಾವಾಟ್ ಸಾಮರ್ಥ್ಯದ್ದು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಪಾಲು ಸುಮಾರಾಗಿ ಶೇ 30ರಿಂದ 40. ಮೂರು ವ್ಯಾಗನ್ ಕಲ್ಲಿದ್ದಲು ಒಳಗೆ ಹೋದರೆ ಒಂದು ವ್ಯಾಗನ್ ಬೂದಿ ಹೊರಗೆ ಬರುತ್ತದೆ ಎಂದರೆ ಲೆಕ್ಕ ಹೆಚ್ಚು ತಪ್ಪುವುದಿಲ್ಲ.

ಇದೇ ರಸ್ತೆಯಲ್ಲಿ ಇನ್ನಷ್ಟು ಮುಂದೆ ಹೋದರೆ ತೋರಣಗಲ್ಲು. ಅಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯ ಊದುಕುಲುಮೆಗಳಿಂದ ಕಬ್ಬಿಣದ ಜೊತೆ ಕಿಟ್ಟವೂ ಹರಿಯುತ್ತದೆ. ಅದನ್ನು ನೀರಲ್ಲಿ ತಣಿಸಿ ಪುಡಿ ಮಾಡಿದರೆ ಸಿಮೆಂಟಿಗೆ ಬೆರಕೆ, ಹರಳಾಗಿ ಉಳಿಸಿದರೆ ಮರಳಿಗೆ ಬದಲಿ. ಬಳ್ಳಾರಿಯಿಂದ ಉತ್ತರಕ್ಕೆ ತಿರುಗಿ ಸಿರುಗುಪ್ಪಕ್ಕೆ ಹೋದರೆ ರೈಸ್ ಮಿಲ್ಲುಗಳ ಹೊಟ್ಟಿನ ರಾಶಿ. ಭತ್ತದ ತೂಕದಲ್ಲಿ ಐದನೇ ಒಂದು ಭಾಗ ಹೊಟ್ಟು. ಹೊಟ್ಟನ್ನು ಸುಟ್ಟರೆ ಅದರ ಐದನೇ ಒಂದು ಭಾಗ ಬೂದಿ. ಆ ಬೂದಿಯಲ್ಲಿ ಶೇ 85–90ರಷ್ಟು ಸಿಲಿಕಾ. ಕಟ್ಟಡಕ್ಕೆ ಬೇಕಾದ ಇಷ್ಟು ಸರಕು ಇಷ್ಟು ಹತ್ತಿರ ಹತ್ತಿರ, ಅದೂ ಬಿಸಾಡುವ ಕಸವಾಗಿ ಸಿಗುವ ಜಿಲ್ಲೆ ಕರ್ನಾಟಕದಲ್ಲಿ ಮತ್ತೊಂದು ಇರುವುದು ಅನುಮಾನ. ಹೀಗಿದ್ದೂ ಬಳ್ಳಾರಿಯ ಹೊಸ ಬಡಾವಣೆಯ ಮನೆಗೆ ಭಟ್ಟಿಯಲ್ಲಿ ಸುಟ್ಟ ಮಣ್ಣಿನ ಇಟ್ಟಿಗೆಯೇ ಬೇಕು, ಚೀಲದ ಮೇಲೆ 53 ಗ್ರೇಡ್ ಎಂದು ಬರೆದ ಸಿಮೆಂಟೇ ಬೇಕು.

ನಗರವೊಂದು ಹಸಿರು ಕಟ್ಟಡವನ್ನು ಹೇಗೆ ಪ್ರೋತ್ಸಾಹಿಸಬೇಕು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಬೆಂಗಳೂರು, ಹೈದರಾಬಾದಿನಿಂದ ಬರುತ್ತದೆ. ಗಾಜಿನ ಕಟ್ಟಡ, ಅದರ ಬಾಗಿಲ ಬಳಿ ಒಂದು ಪ್ರಮಾಣಪತ್ರದ ಫಲಕ. 2001ರಲ್ಲಿ ಭಾರತೀಯ ಹಸಿರು ಕಟ್ಟಡ ಮಂಡಳಿ ಹುಟ್ಟಿತು. ಟೆರಿ ಸಂಸ್ಥೆ ರೂಪಿಸಿದ ‘ಗೃಹ’ ಶ್ರೇಯಾಂಕವನ್ನು 2007ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶ್ರೇಯಾಂಕವಾಗಿ ಒಪ್ಪಿಕೊಂಡಿತು. ಇವುಗಳಿಂದ ಒಳ್ಳೆಯದೇ ಆಗಿದೆ. ಆದರೆ ಬಳ್ಳಾರಿ ಬೆಳೆಯುತ್ತಿರುವುದು ಫಲಕ ಬಯಸುವ ಕಂಪನಿಗಳಿಂದಲ್ಲ. ಮೂವತ್ತು-ನಲವತ್ತರ ಸೈಟಿನಲ್ಲಿ ಜೀವಮಾನದ ಉಳಿತಾಯ ಹಾಕಿ, ಮೇಸ್ತ್ರಿ ಹೇಳಿದಂತೆ ಕಟ್ಟಿಸುವ ಕುಟುಂಬಗಳಿಂದ. ಆ ಮನೆಯ ನಿಜವಾದ ವಾಸ್ತುಶಿಲ್ಪಿ ಮೇಸ್ತ್ರಿ. ಅವನ ಕರಣೆಯವರೆಗೆ ತಲುಪದ ಪ್ರೋತ್ಸಾಹ ಕಾಗದದಲ್ಲೇ ಉಳಿಯುತ್ತದೆ. ಈ ಉಪನ್ಯಾಸದ ವಾದ ಇಷ್ಟೇ: ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಲ್ಲಿ ಹಸಿರು ಕಟ್ಟಡ ಎನ್ನುವುದು ತಾರಸಿಯಿಂದ ಶುರುವಾಗಬೇಕು, ಆಯಾ ಊರಿನ ಮಣ್ಣನ್ನು ನೋಡಿ ನಿಯಮ ಮಾಡಬೇಕು, ಮತ್ತು ಸರ್ಕಾರ ತನ್ನ ಕಟ್ಟಡದಲ್ಲಿ ಮೊದಲು ಮಾಡಿ ತೋರಿಸಬೇಕು.

ತಾರಸಿಯೇ ಯಾಕೆ ಎಂಬುದಕ್ಕೆ ಭೂಗೋಳದಲ್ಲಿ ಉತ್ತರವಿದೆ. ಬಳ್ಳಾರಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಆರಂಭದಲ್ಲಿ, ಅಂದರೆ ಬೇಸಿಗೆ ತುದಿ ಮುಟ್ಟಿದಾಗಲೇ, ನಡು ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ಮೇಲಿರುತ್ತಾನೆ. ಹಾಗಾಗಿ ಒಂದಂತಸ್ತಿನ ಮನೆಯೊಳಗೆ ಇಳಿಯುವ ಬಿಸಿಯಲ್ಲಿ ಗೋಡೆಗಿಂತ ತಾರಸಿಯ ಪಾಲು ಹೆಚ್ಚು. ನಾಲ್ಕೈದು ಅಂಗುಲದ ಆರ್‌ಸಿಸಿ ಸ್ಲ್ಯಾಬು ಹಗಲೆಲ್ಲ ಕಾಯುತ್ತದೆ, ಮನೆಮಂದಿ ಮಲಗುವ ಹೊತ್ತಿಗೆ ಆ ಬಿಸಿಯನ್ನು ಒಳಗೆ ಬಿಡಲು ತೊಡಗುತ್ತದೆ. 2018ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರತಂದ ವಸತಿ ಕಟ್ಟಡಗಳ ಇಂಧನ ಸಂಹಿತೆ ‘ಇಕೋ ನಿವಾಸ್ ಸಂಹಿತಾ’ ತಾರಸಿಯ ಮೂಲಕ ಶಾಖ ಎಷ್ಟು ಹರಿಯಬಹುದು ಎಂಬುದಕ್ಕೆ ಒಂದು ಮಿತಿ ಹಾಕಿದೆ: ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 1.2 ವಾಟ್. ಬರಿಯ ಸ್ಲ್ಯಾಬು ಬಿಡುವ ಶಾಖ ಅದರ ಸುಮಾರು ಮೂರು ಪಟ್ಟು. ಅಂದರೆ ಬಳ್ಳಾರಿಯ ಬಹುಪಾಲು ತಾರಸಿ ಮನೆಗಳು ದೇಶದ ಸಂಹಿತೆಯ ಲೆಕ್ಕದಲ್ಲಿ ಮೊದಲ ಪರೀಕ್ಷೆಯಲ್ಲೇ ಅನುತ್ತೀರ್ಣ.

ಹಿಂದಿನವರು ಈ ಪರೀಕ್ಷೆಯಲ್ಲಿ ಪಾಸಾಗಿದ್ದರು. ಈ ಸೀಮೆಯ ಹಳೆಯ ಮಾಳಿಗೆ ಮನೆ ನೋಡಿದವರಿಗೆ ಅದರ ಗುಟ್ಟು ಗೊತ್ತು: ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆಯ ಹಾಸು, ಅದರ ಮೇಲೆ ಗೇಣುದ್ದ ಮಣ್ಣು, ಎಲ್ಲಕ್ಕೂ ಮೇಲೆ ಸವಳು ಮಣ್ಣಿನ ಒಂದು ಹೊದಿಕೆ. ಉಪ್ಪಿನಂಶದ ಸವಳು ಮಣ್ಣು ಮಳೆ ಬಿದ್ದ ಕೂಡಲೇ ಮೆತ್ತಗಾಗಿ ಸಂದುಗಳನ್ನು ಮುಚ್ಚಿಕೊಳ್ಳುತ್ತದೆ, ನೀರು ಒಳಗಿಳಿಯದು. ಗಡಿಯಾಚೆ ಕರ್ನೂಲು, ಅನಂತಪುರದ ತೆಲುಗು ಹಳ್ಳಿಗಳಲ್ಲೂ ಇದೇ ಪದ್ಧತಿ. ಗೋಡೆ ಎರಡು ಅಡಿಗೂ ದಪ್ಪ, ಕಿಟಕಿ ಸಣ್ಣದು, ಬೆಳಕಿಗೆ ಮಾಳಿಗೆಯಲ್ಲೊಂದು ಗವಾಕ್ಷಿ. ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಗೆ ಹೋಗಬೇಕು. 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅಲ್ಲಿ ನಡೆಸಿದ ಉತ್ಖನನದಲ್ಲಿ ಬೆಟ್ಟದ ಬಂಡೆಗಳ ನಡುವೆ ಸಮತಟ್ಟು ಮಾಡಿಕೊಂಡ ಜಾಗಗಳಲ್ಲಿ ದುಂಡು ಗುಡಿಸಲುಗಳ ನೆಲಗಟ್ಟು ಸಿಕ್ಕಿತು. ತಡಿಕೆಗೆ ಮಣ್ಣು ಮೆತ್ತಿದ ಗೋಡೆ, ಗರಸು ಬಡಿದ ನೆಲ, ಬೆನ್ನಿಗೆ ಬಂಡೆಯ ಆಸರೆ.

ಹಳೆಯದನ್ನು ಹಾಡಿ ಹೊಗಳಿ ಅಲ್ಲಿಗೇ ಬಿಡುವುದು ಸುಲಭ. ಮಾಳಿಗೆ ಮನೆಗೆ ಮರ ಬೇಕು, ಪ್ರತಿ ಮಳೆಗಾಲದ ಮುಂಚೆ ಮೇಲೆ ಹತ್ತಿ ಮಣ್ಣು ಹರವಿ ಬಡಿಯುವ ಕೈ ಬೇಕು, ಇಲಿ ಹೆಗ್ಗಣಗಳೊಡನೆ ಸಹಬಾಳ್ವೆ ಬೇಕು. ಹೆಣ್ಣುಮಕ್ಕಳು ಹೊಗೆ ತುಂಬಿದ ಕತ್ತಲ ಅಡುಗೆಮನೆಯಲ್ಲಿ ಕಣ್ಣು ಕಳೆದುಕೊಂಡದ್ದೂ ಅಂಥ ಮನೆಗಳಲ್ಲೇ. ಆರ್‌ಸಿಸಿ ಬಂದಾಗ ಜನ ಅದನ್ನು ಅಪ್ಪಿಕೊಂಡದ್ದು ಮೂರ್ಖತನದಿಂದಲ್ಲ. ಹಳೆಯ ಮಾಳಿಗೆಯಿಂದ ಕಲಿಯಬೇಕಾದದ್ದು ಒಂದೇ: ಬಿಸಿಲಿಗೂ ತಲೆಗೂ ನಡುವೆ ಏನಾದರೂ ಇರಬೇಕು.

ಆ ‘ಏನಾದರೂ’ ಎಂಬುದರಲ್ಲಿ ಎಲ್ಲಕ್ಕಿಂತ ಅಗ್ಗದ್ದು ಸುಣ್ಣ. ಬಿಳಿ ತಾರಸಿ ಬಿಸಿಲನ್ನು ವಾಪಸು ಕಳಿಸುತ್ತದೆ, ಒಳಗಿನ ತಾಪ ಎರಡು-ಮೂರು ಡಿಗ್ರಿಯಾದರೂ ಇಳಿಯುತ್ತದೆ. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದಿನಲ್ಲಿ ಮಾಮೂಲಿಗಿಂತ 1,344 ಸಾವು ಹೆಚ್ಚಾಗಿ ಸಂಭವಿಸಿದವು. ಆ ಆಘಾತದಿಂದ 2013ರಲ್ಲಿ ಅಲ್ಲಿನ ಮಹಾನಗರ ಪಾಲಿಕೆ ದೇಶದಲ್ಲೇ ಮೊದಲ ಬಿಸಿಲ ಕ್ರಿಯಾಯೋಜನೆ ಮಾಡಿತು; 2017ರಲ್ಲಿ ಕೊಳೆಗೇರಿಗಳ ಚಾವಣಿಗೆ ಸುಣ್ಣ ಬಳಿಸುವ ಕೆಲಸ ಕೈಗೆತ್ತಿಕೊಂಡಿತು. 2023ರ ಏಪ್ರಿಲ್‌ನಲ್ಲಿ ತೆಲಂಗಾಣ ‘ತಂಪು ಚಾವಣಿ ನೀತಿ’ ಪ್ರಕಟಿಸಿ, ಸರ್ಕಾರಿ ಮತ್ತು ವಾಣಿಜ್ಯ ಕಟ್ಟಡಗಳಿಗೆ, 600 ಚದರ ಗಜ ಮತ್ತು ಮೇಲ್ಪಟ್ಟ ನಿವೇಶನದ ಮನೆಗಳಿಗೆ ಅದನ್ನು ಕಡ್ಡಾಯ ಮಾಡಿತು. ತೆಲಂಗಾಣದ ಬಿಸಿಲೂ ಬಳ್ಳಾರಿಯ ಬಿಸಿಲೂ ಒಂದೇ ಸೂರ್ಯನದು. ನೀತಿ ಮಾತ್ರ ಗಡಿ ದಾಟಿ ಬಂದಿಲ್ಲ.

ಆದರೆ ಬಳ್ಳಾರಿಯಲ್ಲಿ ಒಂದು ತೊಡಕು. ನಗರದ ಸುತ್ತ ಸ್ಪಂಜ್ ಐರನ್ ಘಟಕಗಳಿವೆ, ಅದಿರು ಲಾರಿಗಳ ಓಡಾಟವಿದೆ. ಬಿಳಿ ತಾರಸಿ ಇಲ್ಲಿ ವರ್ಷ ಕಳೆಯುವುದರೊಳಗೆ ಕೆಂಪು-ಕಪ್ಪು ಮಿಶ್ರವಾಗುತ್ತದೆ. ಆದ್ದರಿಂದ ಒಂದು ಸಲ ಬಳಿದು ಫೋಟೋ ತೆಗೆಸಿಕೊಂಡು ಮರೆಯುವ ಯೋಜನೆ ಇಲ್ಲಿ ನಡೆಯದು. ಎರಡು ದಾರಿಗಳಿವೆ. ಒಂದು, ಗಣೇಶನ ಹಬ್ಬಕ್ಕೋ ದೀಪಾವಳಿಗೋ ಮನೆಗೆ ಸುಣ್ಣ ಹೊಡೆಸುವ ರೂಢಿಯಂತೆ ಶಿವರಾತ್ರಿ ಕಳೆದ ಕೂಡಲೇ ತಾರಸಿಗೆ ಸುಣ್ಣ ಎಂಬ ರೂಢಿ. ಇನ್ನೊಂದು, ಒರೆಸಿದರೆ ಮತ್ತೆ ಬಿಳುಪಾಗುವ ಹಾಸು: ಟೈಲ್ಸ್ ಅಂಗಡಿಗಳಲ್ಲಿ ಉಳಿಯುವ ಬಿಳಿ ಪಿಂಗಾಣಿಯ ಚೂರುಗಳನ್ನು ಸುಣ್ಣ-ಸಿಮೆಂಟಿನ ಗಾರೆಯಲ್ಲಿ ಕೂರಿಸುವುದು. ಎರಡನೆಯದಕ್ಕೆ ಖರ್ಚು ಹೆಚ್ಚು, ಆದರೆ ನೀರು ಸೋರುವುದೂ ತಪ್ಪುತ್ತದೆ. ಬಳ್ಳಾರಿಯ ಜನಕ್ಕೆ ತಂಪಿಗಿಂತ ಸೋರಿಕೆಯ ಚಿಂತೆ ದೊಡ್ಡದು ಎಂಬುದನ್ನು ನೀತಿ ಮಾಡುವವರು ಮರೆಯಬಾರದು.

ಗೋಡೆಯ ವಿಷಯಕ್ಕೆ ಬಂದರೆ, ಕಾನೂನು ಈಗಾಗಲೇ ಇದೆ. ಸುದ್ದಿ ಮಾತ್ರ ಮೇಸ್ತ್ರಿಗೆ ತಲುಪಿಲ್ಲ. ಹಾರುಬೂದಿಯ ಬಳಕೆ ಕುರಿತು ಕೇಂದ್ರ ಪರಿಸರ ಸಚಿವಾಲಯದ ಮೊದಲ ಅಧಿಸೂಚನೆ ಹೊರಬಿದ್ದದ್ದು 1999ರಲ್ಲಿ. ಹಲವು ತಿದ್ದುಪಡಿಗಳ ನಂತರ 2021ರ ಡಿಸೆಂಬರ್ 31ರ ಹೊಸ ಅಧಿಸೂಚನೆ ಬಂತು. ಅದರಂತೆ ಕಲ್ಲಿದ್ದಲು ವಿದ್ಯುತ್ ಕೇಂದ್ರದಿಂದ 300 ಕಿಲೋಮೀಟರ್ ಒಳಗಿನ ಸರ್ಕಾರಿ ಮತ್ತು ಖಾಸಗಿ ಕಟ್ಟಡ ಯೋಜನೆಗಳು ಬೂದಿಯ ಇಟ್ಟಿಗೆ, ಹೆಂಚು ಮುಂತಾದವನ್ನು ಬಳಸಬೇಕು. ಅವುಗಳ ಬೆಲೆ ಬೇರೆ ಸರಕಿಗಿಂತ ಹೆಚ್ಚಾಗಿರಬಾರದು ಎಂಬುದೊಂದೇ ಷರತ್ತು. ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳಿಗೆ ಕುಡತಿನಿಯೂ ಹತ್ತಿರ, ರಾಯಚೂರಿನ ಶಕ್ತಿನಗರವೂ ದೂರವಲ್ಲ. 300 ಕಿಲೋಮೀಟರಿನ ಮಾತು ಹಾಗಿರಲಿ, ಇಲ್ಲಿ ಟ್ರ್ಯಾಕ್ಟರಿನಲ್ಲೇ ಸಾಗಿಸುವಷ್ಟು ಸಮೀಪ.

ಬೂದಿ ಇಟ್ಟಿಗೆಯನ್ನು ಸುಡಬೇಕಿಲ್ಲ. ವಿಶಾಖಪಟ್ಟಣದ ಎನ್. ಭಾನುಮತಿದಾಸ್ ಮತ್ತು ಎನ್. ಕಾಳಿದಾಸ್ ರೂಪಿಸಿದ ಫಾಲ್-ಜಿ ವಿಧಾನದಲ್ಲಿ ಹಾರುಬೂದಿ, ಸುಣ್ಣ, ಜಿಪ್ಸಂ ಮೂರೂ ಸೇರಿ ನೀರಿನಲ್ಲೇ ಗಟ್ಟಿಯಾಗುತ್ತವೆ. ಭಟ್ಟಿ ಇಲ್ಲ, ಹೊಗೆ ಇಲ್ಲ; ಗದ್ದೆಯ ಮೇಲ್ಮಣ್ಣು ಗದ್ದೆಯಲ್ಲೇ ಉಳಿಯುತ್ತದೆ. ಹಾಗಿದ್ದರೆ ಮೇಸ್ತ್ರಿಗಳಿಗೆ ಅದರ ಮೇಲೆ ಯಾಕೆ ಮುನಿಸು? ಗಿಲಾಯಿ ಹಿಡಿಯುವುದಿಲ್ಲ, ಗೋಡೆ ಸಣ್ಣಗೆ ಬಿರುಕು ಬಿಡುತ್ತದೆ ಎಂಬ ದೂರು ಸಾಮಾನ್ಯ. ದೂರಿನಲ್ಲಿ ಹುರುಳಿದೆ. ಸರಿಯಾಗಿ ನೀರುಣ್ಣದೆ ಹಸಿಯಾಗಿಯೇ ಮಾರಾಟಕ್ಕೆ ಬಂದ ಇಟ್ಟಿಗೆ ಗೋಡೆಯಲ್ಲಿ ಕೂತ ಮೇಲೆ ಒಣಗಿ ಕುಗ್ಗುತ್ತದೆ. ಇದು ಬೂದಿಯ ದೋಷವಲ್ಲ, ಅವಸರದ ದೋಷ. ಇಟ್ಟಿಗೆ ಘಟಕಗಳಿಂದ ಮಾದರಿ ತಂದು ಒತ್ತಡ ಪರೀಕ್ಷೆ ಮಾಡಿ ಫಲಿತಾಂಶವನ್ನು ಪಾಲಿಕೆಯ ಗೋಡೆಗೆ ಅಂಟಿಸಿದರೆ ಅರ್ಧ ಮುನಿಸು ಇಳಿದೀತು. ಪರೀಕ್ಷೆಗೆ ಬೇಕಾದ ಯಂತ್ರ ಊರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲೇ ಇರುತ್ತದೆ.

ಸಿಮೆಂಟಿನದೂ ಇದೇ ಕಥೆ. ಹಾರುಬೂದಿ ಬೆರೆಸಿದ ಪಿಪಿಸಿಯಲ್ಲಿ ಶೇ 35ರವರೆಗೆ ಬೂದಿ ಇರಬಹುದು. ಕಿಟ್ಟ ಬೆರೆಸಿದ ಸ್ಲ್ಯಾಗ್ ಸಿಮೆಂಟಿನಲ್ಲಿ ಕಿಟ್ಟದ ಪಾಲು ಶೇ 70ರವರೆಗೂ ಹೋಗಬಹುದು. ಸುಣ್ಣದಕಲ್ಲನ್ನು ಸುಟ್ಟು ಕ್ಲಿಂಕರ್ ಮಾಡುವಾಗ ಹೊರಬೀಳುವ ಇಂಗಾಲಾಮ್ಲ ಅಷ್ಟರಮಟ್ಟಿಗೆ ತಪ್ಪುತ್ತದೆ. ಆದರೆ ಇವು ನಿಧಾನವಾಗಿ ಬಲಿಯುವ ಸಿಮೆಂಟುಗಳು. ಭಾರತೀಯ ಮಾನಕ 456 ಇಂಥ ಸಿಮೆಂಟಿಗೂ, ಬಿಸಿ ಒಣ ಹವೆಗೂ ಕನಿಷ್ಠ ಹತ್ತು ದಿನ ನೀರುಣಿಸಬೇಕೆನ್ನುತ್ತದೆ. ಬಳ್ಳಾರಿಯ ಏಪ್ರಿಲ್‌ನಲ್ಲಿ ಮೂರೇ ದಿನ ಸಂಜೆ ಹೊತ್ತು ಪೈಪು ಹಿಡಿದು ಮುಗಿಸುವವರಿಗೆ ಸ್ಲ್ಯಾಗ್ ಸಿಮೆಂಟು ಕೈಕೊಟ್ಟರೆ ಆಶ್ಚರ್ಯವಿಲ್ಲ. ಗೋಣಿ ತಟ್ಟು ಹೊದಿಸಿ ಒದ್ದೆಯಾಗಿಡುವುದು ಹಳೆಯ, ಬೇಸರದ, ಆದರೆ ಬಿಡಬಾರದ ಕೆಲಸ.

ಇನ್ನು ಮಣ್ಣು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ, ಅಲ್ಲಿನ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಶಾಸ್ತ್ರೀಯವಾಗಿ ಬೆಳೆಸಿದರು. ಶೇ 6–8ರಷ್ಟು ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತುವ ಈ ಇಟ್ಟಿಗೆಯ ಸಾವಿರಾರು ಮನೆಗಳು ಬೆಂಗಳೂರು, ಮೈಸೂರು ಕಡೆ ಎದ್ದಿವೆ. ಅದನ್ನೇ ಬಳ್ಳಾರಿ ಜಿಲ್ಲೆಯುದ್ದಕ್ಕೂ ಹೇರಬಹುದೇ ಎಂದರೆ, ಇಲ್ಲ. ಆ ವಿಧಾನಕ್ಕೆ ಮರಳು ಹೆಚ್ಚಿರುವ, ಜೇಡಿ ಶೇ 10–15ರಷ್ಟು ಮಾತ್ರ ಇರುವ ಕೆಂಪು ಮಣ್ಣು ಒಗ್ಗುತ್ತದೆ. ಸಂಡೂರಿನ ಕಡೆ ಅದು ಸಿಗುತ್ತದೆ, ಕುರುಗೋಡಿನ ಗುಡ್ಡಗಳ ತಪ್ಪಲಲ್ಲೂ ಸಿಗುತ್ತದೆ. ಸಿರುಗುಪ್ಪದ್ದು ಎರೆ. ಮಳೆ ಬಂದರೆ ಉಬ್ಬುವ, ಬೇಸಿಗೆಯಲ್ಲಿ ಕಾಲು ಹೂತುಹೋಗುವಷ್ಟು ಬಿರಿಯುವ ಎರೆಮಣ್ಣಿಗೆ ಸಿಮೆಂಟು ಸಾಲದು, ಸುಣ್ಣ ಬೇಕು, ಹೊರಗಿನ ಮರಳು ಬೇಕು. ಅಷ್ಟು ಮಾಡುವ ಹೊತ್ತಿಗೆ ಬೂದಿ ಇಟ್ಟಿಗೆಯೇ ಮೇಲೆನಿಸುತ್ತದೆ.

ಎರೆನೆಲದಲ್ಲಿ ಮನೆ ಕಟ್ಟುವವರ ದುಡ್ಡು ನೆಲದೊಳಗೇ ಹೋಗುತ್ತದೆ. ಗರಸು ಸಿಗುವತನಕ ಪಾಯ ತೋಡು ಎಂಬುದು ಹಿಂದಿನವರ ಮಾತು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡ ಉಬ್ಬಿದ ಪೈಲುಗಳನ್ನು ರೂಪಿಸಿದ್ದೂ ಇಂಥ ನೆಲಕ್ಕಾಗಿಯೇ. ಮೂರಾಳು ಆಳದ ಪಾಯಕ್ಕೆ ಸುರಿದ ಕಾಂಕ್ರೀಟಿನ ಇಂಗಾಲವನ್ನು ಮೇಲೆ ನೆಟ್ಟ ನಾಲ್ಕು ಗಿಡಗಳು ತೀರಿಸಲಾರವು. ಸಿರುಗುಪ್ಪದಲ್ಲಿ ಹಸಿರು ಕಟ್ಟಡದ ಮೊದಲ ಪಾಠ ಬಹುಶಃ ಇದೇ: ಗೋಡೆ ಹಗುರಾಗಲಿ, ಪಾಯ ನೆಲಕ್ಕೆ ತಕ್ಕಂತಿರಲಿ, ನಕ್ಷೆ ಮಂಜೂರು ಮಾಡುವಾಗಲೇ ಆ ಬಗ್ಗೆ ಸಲಹೆ ಸಿಗಲಿ.

ನೀರಿನ ನಿಯಮದಲ್ಲೂ ಮಣ್ಣನ್ನು ಕೇಳಬೇಕು. 2009ರಲ್ಲಿ ಬೆಂಗಳೂರು ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ತಂದು 2,400 ಚದರಡಿ ಮತ್ತು ಮೇಲ್ಪಟ್ಟ ನಿವೇಶನದ ಹಳೆಯ ಮನೆಗಳಿಗೆ, 1,200 ಚದರಡಿ ಮತ್ತು ಮೇಲ್ಪಟ್ಟ ನಿವೇಶನದ ಹೊಸ ಮನೆಗಳಿಗೆ ಮಳೆನೀರು ಸಂಗ್ರಹ ಕಡ್ಡಾಯ ಮಾಡಲಾಯಿತು. ಮಾಡದವರಿಗೆ ಬಿಲ್ಲಿನ ಮೇಲೆ ದಂಡ ಬಿತ್ತು: ಮನೆಗಳಿಗೆ ಮೊದಲ ಮೂರು ತಿಂಗಳು ಶೇ 25, ಆಮೇಲೆ ಶೇ 50. ತಮಾಷೆಯೆಂದರೆ ಸಾವಿರಾರು ಮಂದಿ ಗುಂಡಿ ತೋಡಿಸುವ ಗೋಜಿಗೆ ಹೋಗದೆ ದಂಡವನ್ನೇ ತಿಂಗಳು ತಿಂಗಳು ಕಟ್ಟುತ್ತ ಹೋದರು. ನೀರಿನ ಬಿಲ್ಲೇ ಸಣ್ಣದಿರುವಾಗ ಅದರ ಅರ್ಧ ಇನ್ನೂ ಸಣ್ಣದು. ಆ ಕಾನೂನಿನ ನಕಲನ್ನು ಸಿರುಗುಪ್ಪಕ್ಕೆ ತಂದರೆ ಇನ್ನೊಂದು ಎಡವಟ್ಟು. ಎರೆಮಣ್ಣು ಒದ್ದೆಯಾದ ಮೇಲೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಇಂಗುಗುಂಡಿ ನೀರನ್ನು ಇಂಗಿಸುವ ಬದಲು ಪಕ್ಕದ ಪಾಯವನ್ನು ಸಡಿಲಿಸುತ್ತದೆ. ಅಲ್ಲಿ ಬೇಕಾದದ್ದು ಇಂಗುಗುಂಡಿಯಲ್ಲ, ತೊಟ್ಟಿ. ಕುರುಗೋಡಿನ ಬಂಡೆಸೀಮೆಯಲ್ಲಿ, ಬಳ್ಳಾರಿ ಗುಡ್ಡದ ಅಂಚಿನ ಗರಸು ನೆಲದಲ್ಲಿ ಇಂಗಿಸಬಹುದು.

ತೊಟ್ಟಿಯಿಂದ ಏನು ಸಿಕ್ಕೀತು? ಜಿಲ್ಲೆಯಲ್ಲಿ ವರ್ಷಕ್ಕೆ ಐನೂರು ಮಿಲಿಮೀಟರಿನ ಆಸುಪಾಸು ಮಳೆ. 90 ಚದರ ಮೀಟರಿನ ತಾರಸಿಗೆ ಬೀಳುವುದು 45,000 ಲೀಟರ್. ಆವಿ, ಸೋರಿಕೆ, ಮೊದಲ ಮಳೆಯ ಕೊಳೆ ಕಳೆದು ಐದರಲ್ಲಿ ನಾಲ್ಕು ಪಾಲು ಹಿಡಿದರೂ 36,000 ಲೀಟರ್. ಐದು ಜನರ ಮನೆಗೆ ತಲೆಗೆ 135 ಲೀಟರಿನಂತೆ ಐವತ್ತಕ್ಕೂ ಹೆಚ್ಚು ದಿನದ ನೀರು. ವರ್ಷವಿಡೀ ಸಾಲದು, ನಿಜ. ಆದರೆ ತುಂಗಭದ್ರೆಯೊಂದನ್ನೇ ನೆಚ್ಚಿದ ಊರಿಗೆ ಐವತ್ತು ದಿನ ಸಣ್ಣ ಮಾತಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ತಡೆಹಲಗೆ ಕೂರಿಸುವಷ್ಟರಲ್ಲಿ ಹರಿದುಹೋದ ನೀರನ್ನು ನೋಡಿದ ಜಿಲ್ಲೆ ಇದು. ಹೂಳು ತುಂಬಿ 133 ಟಿಎಂಸಿಯ ಜಲಾಶಯ 105ಕ್ಕೆ ಇಳಿದಿರುವುದೂ ಎಲ್ಲರಿಗೂ ತಿಳಿದಿದೆ. ಬಳ್ಳಾರಿ ಗುಡ್ಡದ ಕೋಟೆ ಕಟ್ಟಿದವರಿಗೆ ಕಾಲುವೆ ಇರಲಿಲ್ಲ; ಬಂಡೆಯ ಮೇಲೆ ಬಿದ್ದ ಮಳೆಯನ್ನು ಬಂಡೆಯ ಹೊಂಡಗಳಲ್ಲೇ ಹಿಡಿದುಕೊಂಡರು. ಆ ಹೊಂಡಗಳು ಈಗಲೂ ಮೇಲಿವೆ.

ಪ್ರೋತ್ಸಾಹ ಧನದ ಮಾತಿಗೆ ಬಂದಾಗ ಬೇರೆ ನಗರಗಳು ಕೊಟ್ಟ ಆಮಿಷಗಳನ್ನು ಬಳ್ಳಾರಿಯ ತಕ್ಕಡಿಯಲ್ಲಿ ತೂಗಿ ನೋಡಬೇಕು. ನೋಯ್ಡಾ ಪ್ರಾಧಿಕಾರ ಗೃಹ ಶ್ರೇಯಾಂಕದ ನಾಲ್ಕೈದು ತಾರೆ ಗಳಿಸಿದ ಕಟ್ಟಡಕ್ಕೆ ಶೇ 5ರಷ್ಟು ಹೆಚ್ಚುವರಿ ಎಫ್‌ಎಆರ್, ಅಂದರೆ ನಿವೇಶನದಲ್ಲಿ ಕಟ್ಟಬಹುದಾದ ಒಟ್ಟು ವಿಸ್ತೀರ್ಣದ ಮಿತಿಯಲ್ಲಿ ಸಡಿಲಿಕೆ, ಕೊಡುತ್ತದೆ. ಅಪಾರ್ಟ್‌ಮೆಂಟ್ ಕಟ್ಟಿ ಮಾರುವವರಿಗೆ ಅದು ಬಂಗಾರ. ಬಳ್ಳಾರಿಯಲ್ಲಿ ಒಂದೂವರೆ ಅಂತಸ್ತಿನ ಮನೆಯವನಿಗೆ ಇರುವ ಎಫ್‌ಎಆರನ್ನೇ ಬಳಸಿಕೊಳ್ಳಲು ದುಡ್ಡಿಲ್ಲ. ಪುಣೆ ಮಹಾನಗರ ಪಾಲಿಕೆ ಸೌರ ಉಪಕರಣ, ಮಳೆನೀರು, ಎರೆಗೊಬ್ಬರ ಇವುಗಳಲ್ಲಿ ಒಂದಿದ್ದರೆ ಶೇ 5, ಹೆಚ್ಚಿದ್ದರೆ ಶೇ 10 ಆಸ್ತಿ ತೆರಿಗೆ ರಿಯಾಯಿತಿ ಕೊಟ್ಟಿತು. ಇದು ಮನೆಯೊಡೆಯನಿಗೆ ತಾಗುವಂಥದ್ದು. ಆದರೂ ಲೆಕ್ಕ ಹಾಕಿದರೆ ಎರಡು ಸಾವಿರ ರೂಪಾಯಿ ತೆರಿಗೆಯ ಶೇ 5 ಎಂದರೆ ನೂರು ರೂಪಾಯಿ. ನೂರು ರೂಪಾಯಿಗೆ ಯಾರೂ ತಾರಸಿಗೆ ಪಿಂಗಾಣಿ ಹಾಕಿಸುವುದಿಲ್ಲ.

ವಿದ್ಯುತ್ ಬಿಲ್ಲಿನ ಆಸೆ ತೋರಿಸಬಹುದೇ? ಕರ್ನಾಟಕದಲ್ಲಿ ಸೌರ ವಾಟರ್ ಹೀಟರಿಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ ಕೊಟ್ಟದ್ದು ಒಂದು ಕಾಲಕ್ಕೆ ಚೆನ್ನಾಗಿ ನಡೆಯಿತು; ಬೆಂಗಳೂರಿನ ತಾರಸಿಗಳು ಅದಕ್ಕೆ ಸಾಕ್ಷಿ. 2023ರ ಆಗಸ್ಟಿನಿಂದ ಗೃಹಜ್ಯೋತಿ ಬಂದು, ಹಿಂದಿನ ಸರಾಸರಿಗೆ ಶೇ 10 ಸೇರಿಸಿ 200 ಯೂನಿಟ್‌ವರೆಗೆ ಬಳಸುವವರ ಬಿಲ್ಲು ಸೊನ್ನೆಯಾಯಿತು. ಬಡ ಮನೆಗಳಿಗೆ ಅದರಿಂದ ಆದ ನೆಮ್ಮದಿಯನ್ನು ಅಲ್ಲಗಳೆಯುವಂತಿಲ್ಲ. ಆದರೆ ತಾರಸಿ ತಂಪಾಗಿ ಕೂಲರ್ ನಿಂತರೆ ಉಳಿತಾಯವಾಗುವುದು ವಿದ್ಯುತ್ ಕಂಪನಿ ಜೆಸ್ಕಾಂನದು ಮತ್ತು ಸರ್ಕಾರದ್ದು, ಮನೆಯವರದಲ್ಲ. 2024ರ ಫೆಬ್ರುವರಿಯ ಪಿಎಂ ಸೂರ್ಯಘರ್ ಯೋಜನೆ 1 ಕಿಲೋವಾಟಿಗೆ 30,000, 2 ಕಿಲೋವಾಟಿಗೆ 60,000, 3 ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಸಹಾಯಧನ ಕೊಡುತ್ತದೆ. ಬಿಲ್ಲೇ ಬರದವನು ಉಳಿದ ಹಣವನ್ನು ಕೈಯಿಂದ ಯಾಕೆ ಹಾಕಿಯಾನು? ಒಂದೇ ಮನೆಯ ಮೇಲೆ ಎರಡು ಸರ್ಕಾರಗಳ ಎರಡು ಒಳ್ಳೆಯ ಯೋಜನೆಗಳು ಒಂದನ್ನೊಂದು ಹಿಂದಕ್ಕೆಳೆಯುತ್ತಿವೆ. ಉಳಿತಾಯವಾದ ಸಬ್ಸಿಡಿಯಲ್ಲಿ ಒಂದು ಪಾಲನ್ನು ತಂಪು ತಾರಸಿಗೆ ತಿರುಗಿಸುವುದು ರಾಜ್ಯ ಮಟ್ಟದಲ್ಲಿ ಆಗಬೇಕಾದ ಕೆಲಸ, ಪಾಲಿಕೆಯ ಕೈಯಲ್ಲಿಲ್ಲ.

ಪಾಲಿಕೆಯ ಕೈಯಲ್ಲಿರುವುದು ನಕ್ಷೆಯ ಮಂಜೂರಾತಿ. ಮನೆ ಕಟ್ಟುವವನು ಸಾಲ, ಚೀಟಿ, ಒಡವೆ ಎಲ್ಲ ಒಟ್ಟುಮಾಡಿ ಕಚೇರಿಗೆ ಬರುವ ಆ ಒಂದು ದಿನ ಅವನ ಕಿವಿ ತೆರೆದಿರುತ್ತದೆ. ಆಗ ಒಂದು ಠೇವಣಿ ಇಡಿಸಿಕೊಂಡು, ತಂಪು ತಾರಸಿ ಮತ್ತು ನೆಲಕ್ಕೆ ತಕ್ಕ ತೊಟ್ಟಿ ಅಥವಾ ಇಂಗುಗುಂಡಿ ಮುಗಿದ ಮೇಲೆ ಪೂರ್ತಿ ಹಿಂದಿರುಗಿಸಿದರೆ, ಅದು ನೂರು ರೂಪಾಯಿಯ ರಿಯಾಯಿತಿಗಿಂತ ಗಟ್ಟಿಯಾದ ಹಗ್ಗ. ಬೂದಿ ಇಟ್ಟಿಗೆ ಬಳಸುವ ನಕ್ಷೆಗಳನ್ನು ಸರದಿಯಲ್ಲಿ ಮುಂದಕ್ಕೆ ತಂದರಂತೂ ಪಾಲಿಕೆಗೆ ಒಂದು ಪೈಸೆಯೂ ಖರ್ಚಿಲ್ಲ. ಕಚೇರಿಗೆ ಅಲೆದು ಸವೆದ ಚಪ್ಪಲಿಗಳಿಗೆ ಗೊತ್ತು ಅದರ ಬೆಲೆ.

ಹಣ ನಿಜವಾಗಿ ಇರುವ ಜಾಗ ಬೇರೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು, ಆಮೇಲೆ ಕಟ್ಟಳೆಗಳೊಂದಿಗೆ ಮತ್ತೆ ಬಿಟ್ಟಿತು. ಆ ಪ್ರಕರಣದಿಂದ ಸೇರಿದ ಸಾವಿರಾರು ಕೋಟಿ ರೂಪಾಯಿಯನ್ನು ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಖರ್ಚು ಮಾಡಲು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಹುಟ್ಟಿತು. ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನವೂ ಬಂತು. ಶಾಲಾ ಕೊಠಡಿ, ಅಂಗನವಾಡಿ, ಆಸ್ಪತ್ರೆ, ಹಾಸ್ಟೆಲು ಈ ಹಣದಲ್ಲಿ ಏಳುತ್ತವೆ. ಮಾರ್ಚ್ ತಿಂಗಳ ಪರೀಕ್ಷೆ ಹೊತ್ತಿಗೆ ಮೇಲಂತಸ್ತಿನ ತರಗತಿಯಲ್ಲಿ ಕೂತ ಮಕ್ಕಳಿಗೆ ಬಿಳಿ ತಾರಸಿಯ ಉಪಯೋಗವನ್ನು ವಿವರಿಸಬೇಕಿಲ್ಲ.

ಹಾಗಿದ್ದರೂ ಈ ಸರ್ಕಾರಿ ಕಟ್ಟಡಗಳು ಎಲ್ಲ ಕಡೆಯಂತೆಯೇ ಏಳುತ್ತಿವೆ ಏಕೆ? ದೊಡ್ಡ ಕಾರಣ, ದರಪಟ್ಟಿ. ಸರ್ಕಾರಿ ಎಂಜಿನಿಯರು ಅಂದಾಜುಪಟ್ಟಿ ಬರೆಯುವಾಗ ಲೋಕೋಪಯೋಗಿ ಇಲಾಖೆಯ ಎಸ್‌ಆರ್ ತೆರೆದು ನೋಡುತ್ತಾನೆ. ಅಲ್ಲಿ ಸುಲಭವಾಗಿ ಕಣ್ಣಿಗೆ ಬೀಳುವುದನ್ನೇ ಬರೆಯುತ್ತಾನೆ. ಅಲ್ಲಿಲ್ಲದ್ದನ್ನು ಬರೆದರೆ ದರ ವಿಶ್ಲೇಷಣೆ, ಮೇಲಧಿಕಾರಿಯ ಟಿಪ್ಪಣಿ, ಆಡಿಟ್ಟಿನ ಆಕ್ಷೇಪ. ಚೂರು ಹೆಂಚು ತುಂಬಿದ ಫಿಲ್ಲರ್ ಸ್ಲ್ಯಾಬು, ಪಿಂಗಾಣಿ ಹಾಸು, ಸ್ಲ್ಯಾಗ್ ಮರಳು, ಬೂದಿ ಇಟ್ಟಿಗೆಯ ಗೋಡೆ, ಇವುಗಳ ಸ್ಥಳೀಯ ದರವನ್ನು ಬಳ್ಳಾರಿಯಲ್ಲೇ ಕಟ್ಟಿ ನೋಡಿ ಒಮ್ಮೆ ನಿಗದಿ ಮಾಡಿದರೆ ಹತ್ತು ವಿಚಾರ ಸಂಕಿರಣಗಳಿಗಿಂತ ಹೆಚ್ಚಿನ ಕೆಲಸವಾಗುತ್ತದೆ.

ಕಟ್ಟಿ ತೋರಿಸುವ ಸಂಸ್ಥೆಯನ್ನೂ ಹೊಸದಾಗಿ ಹುಡುಕಬೇಕಿಲ್ಲ. 1985ರಲ್ಲಿ ಕೇರಳದ ಕೊಲ್ಲಂನಲ್ಲಿ ಶುರುವಾದ ಮಾದರಿಯಲ್ಲಿ ನಮ್ಮ ಜಿಲ್ಲೆಗಳಿಗೂ ನಿರ್ಮಿತಿ ಕೇಂದ್ರಗಳು ಬಂದವು. ಅಗ್ಗದ, ಸ್ಥಳೀಯ ಸರಕಿನ ಕಟ್ಟಡ ವಿಧಾನವನ್ನು ಗಾರೆಯವರಿಗೆ ಕಲಿಸುವುದೇ ಅವುಗಳ ಮೂಲ ಉದ್ದೇಶ. ಕಾಲ ಕಳೆದಂತೆ ಹಲವು ಕಡೆ ಅವು ಟೆಂಡರಿನ ಗೊಡವೆ ಇಲ್ಲದೆ ಕಾಮಗಾರಿ ಕೊಡಬಹುದಾದ ಮತ್ತೊಬ್ಬ ಗುತ್ತಿಗೆದಾರನಂತಾಗಿವೆ. ವರ್ಷಕ್ಕೊಂದಿಷ್ಟು ಮೇಸ್ತ್ರಿಗಳಿಗೆ ಕೂಲಿ ಕೊಟ್ಟು, ಅವರಿಂದಲೇ ಒಂದು ಅಂಗನವಾಡಿಯನ್ನು ಬೂದಿ ಇಟ್ಟಿಗೆಯಲ್ಲಿ, ಫಿಲ್ಲರ್ ಸ್ಲ್ಯಾಬಿನಲ್ಲಿ ಕಟ್ಟಿಸಿದರೆ ತರಬೇತಿಯೂ ಆಯಿತು, ಅಂಗನವಾಡಿಯೂ ಆಯಿತು. ಕೂಲಿ ಎಂಬುದು ಇಲ್ಲಿ ಮುಖ್ಯ. ದಿನದ ದುಡಿಮೆ ಬಿಟ್ಟು ಪಾಠ ಕೇಳಲು ಬರುವ ಮೇಸ್ತ್ರಿ ಯಾವ ಊರಲ್ಲೂ ಇಲ್ಲ.

ಮೂರು ಊರಿಗೆ ಮೂರು ತೂಕದ ಆಡಳಿತ ಇದೆ ಎಂಬುದನ್ನೂ ನೆನಪಿಡಬೇಕು. ಬಳ್ಳಾರಿಗೆ ಮಹಾನಗರ ಪಾಲಿಕೆಯೂ ಬುಡಾ ಎಂಬ ನಗರಾಭಿವೃದ್ಧಿ ಪ್ರಾಧಿಕಾರವೂ ಉಂಟು. ಸಿರುಗುಪ್ಪ ನಗರಸಭೆಗೆ, ಅದಕ್ಕಿಂತ ಚಿಕ್ಕ ಕುರುಗೋಡು ಪುರಸಭೆಗೆ ಎಂಜಿನಿಯರುಗಳೇ ಬೆರಳೆಣಿಕೆಯಷ್ಟು. ಶಾಖದ ಹರಿವನ್ನು ಲೆಕ್ಕ ಹಾಕಿ ನಕ್ಷೆ ತಿದ್ದುವ ಪುರುಸೊತ್ತು ಅಲ್ಲಿಲ್ಲ. ಅಲ್ಲಿನ ನಿಯಮ ಬೀದಿಯಲ್ಲಿ ನಿಂತು ನೋಡಿ ಹೌದು-ಅಲ್ಲ ಎನ್ನುವಂತಿರಬೇಕು: ತಾರಸಿ ಬಿಳಿದೇ, ಪಡುವಣ ಕಿಟಕಿಗೆ ಎರಡಡಿ ಸಜ್ಜಾ ಇದೆಯೇ, ತಾರಸಿಯ ಕೊಳವೆ ತೊಟ್ಟಿಗೆ ಇಳಿದಿದೆಯೇ. ಕುರುಗೋಡಿನಲ್ಲಿ ಕಲ್ಲು ಕೈಗೆ ಸಿಗುವಷ್ಟು ಹತ್ತಿರವಿದೆ, ದೊಡ್ಡಬಸವೇಶ್ವರ ಗುಡಿಯ ಸುತ್ತಲ ಬಂಡೆಗಳೇ ಅದನ್ನು ಹೇಳುತ್ತವೆ. ಅಲ್ಲಿ ಕಲ್ಲಿನ ಗೋಡೆಗೆ ಬೂದಿ ಇಟ್ಟಿಗೆಯ ನಿಯಮ ಹೇರುವುದು ಅವಿವೇಕ. ಹಳೆಯ ಮನೆ ಕೆಡವಿದಾಗ ಉಳಿಯುವ ಕಲ್ಲನ್ನು ಮತ್ತೆ ಬಳಸುವವರಿಗೆ ಶುಲ್ಕದಲ್ಲಿ ಸೋಡಿ ಕೊಟ್ಟರೆ ಸಾಕು.

ತೆರಿಗೆಯ ರಿಯಾಯಿತಿಗೆ ಮಾತ್ರ ಒಂದು ಸಣ್ಣ ಉಪಯೋಗ ಉಳಿದಿದೆ. ನಮ್ಮ ನಗರಗಳಲ್ಲಿ ಆಸ್ತಿ ತೆರಿಗೆಯನ್ನು ಮಾಲೀಕನೇ ಘೋಷಿಸಿ ಕಟ್ಟುತ್ತಾನೆ; ಏಪ್ರಿಲ್ ತಿಂಗಳೊಳಗೆ ಕಟ್ಟಿದರೆ ಈಗಲೂ ಶೇ 5 ಸೋಡಿ ಇದೆ. ಆ ನಮೂನೆಯಲ್ಲೇ ‘ಈ ವರ್ಷ ತಾರಸಿಗೆ ಸುಣ್ಣ ಬಳಿಸಲಾಗಿದೆ’ ಎಂಬ ಒಂದು ಸಾಲು ಸೇರಿಸಬಹುದು. ಸೋಡಿ ನೂರು ರೂಪಾಯಿಯೇ ಇರಲಿ, ಜೊತೆಗೆ ಸುಣ್ಣವನ್ನು ಪಾಲಿಕೆ ಸಗಟಾಗಿ ತರಿಸಿ, ಬಳಿಯುವ ಕೆಲಸವನ್ನು ಸ್ವಸಹಾಯ ಸಂಘಗಳಿಗೆ ವಹಿಸಿ, ಮೊದಲಿಗೆ ತಗಡಿನ ಮನೆಗಳ ಕೌಲ್‌ಬಜಾರಿನಂಥ ಒತ್ತೊತ್ತಾದ ವಾರ್ಡುಗಳಲ್ಲಿ ಹಣ ಪಡೆಯದೆ ಮಾಡಿಸಬಹುದು. ಟೆಂಡರು ಜನವರಿಯಲ್ಲಿ ಕರೆದರೆ ಮಾರ್ಚಿನೊಳಗೆ ಕೆಲಸ ಮುಗಿಯುತ್ತದೆ. ಮೇ ತಿಂಗಳಲ್ಲಿ ಕರೆದರೆ ಬಿಲ್ಲು ಮಾತ್ರ ಪಾಸಾಗುತ್ತದೆ, ಸುಣ್ಣ ಜೂನಿನ ಮಳೆಗೆ ಚರಂಡಿ ಸೇರುತ್ತದೆ.